ಎರೆಮಣ್ಣಿನ ನಿಯಮ

ಶಿಗ್ಲಿ
22-6-1983

ಬೆಟಗೇರಿಯಲ್ಲಿರುವ ನನ್ನ ಯಜಮಾನರಿಗೆ ಉಡಚವ್ವನ ನಮಸ್ಕಾರಗಳು.

ನಾನು ತವರಿಗೆ ಬಂದು ಇಷ್ಟು ದಿನಗಳ ಮೇಲೆ ನಿಮ್ಮ ಪತ್ರ ಬಂತು. ನನ್ನ ಆರೋಗ್ಯ ವಿಚಾರಿಸಿದ್ದು ಒಂದು ಸಾಲು, ನಿಮ್ಮ ಯುದ್ಧದಾಟದ ಗೋಳು ಪುಟ ತುಂಬ. ಆಟದ ಪೆಟ್ಟಿಗೆ ಕೊಂಡವರು ಮರಳಿ ತರುತ್ತಿದ್ದಾರೆ, ಯಾರು ಹೇಗೆ ಆಡಿದರೂ ಕಂಪನಿ ಸರಕಾರವೇ ಗೆಲ್ಲುತ್ತದೆ, ನೀನು ಹೇಳಿದ್ದ ಎರೆಮಣ್ಣಿನ ನಿಯಮ ಪೂರ್ತಿ ಬರೆದು ಕಳಿಸು ಎಂದಿದ್ದೀರಿ. ಓದಿ ನಗು ಬಂತು. ಆಮೇಲೆ ಅಳುವೂ ಬಂತು.

ನಿಮ್ಮ ಮುದ್ರಣಾಲಯಕ್ಕೆ ಬರುತ್ತಿದ್ದ ಕಾಲೇಜು ಮಾಸ್ತರರು ಆ ವಿಲಾಯತಿ ಆಟದ ಪೆಟ್ಟಿಗೆ ಕೊಟ್ಟದ್ದು ನೆನಪಿದೆಯೇ? ಜೇನುಗೂಡಿನಂತೆ ಆರು ಮೂಲೆಯ ಮನೆಗಳ ನಕಾಶೆ, ಅಂಕಿ ಬರೆದ ರಟ್ಟಿನ ಕಾಯಿಗಳು. ಪಗಡೆ, ಚೌಕಾಬಾರ ಬಿಟ್ಟು ಬೇರೆ ಆಟ ಕಾಣದ ನನ್ನನ್ನು ನೀವೇ ಪಕ್ಕದಲ್ಲಿ ಕೂಡ್ರಿಸಿಕೊಂಡು ಕಲಿಸಿದಿರಿ. ಅದರಲ್ಲಿ ಫ್ರಾನ್ಸಿನ ದಂಡು ರಶಿಯಾದ ಹಿಮದಲ್ಲಿ ಸಿಕ್ಕಿಬಿದ್ದು ಸೋಲುತ್ತಿತ್ತು. ನಮ್ಮ ನರಗುಂದದ ಬಂಡಾಯವನ್ನೂ ಹೀಗೇ ಆಟ ಮಾಡೋಣ ಎಂದಿರಿ. ನಮ್ಮಲ್ಲಿ ಹಿಮ ಎಲ್ಲಿಂದ ತರುತ್ತೀರಿ, ನಮ್ಮ ಕರಿ ಎರೆಮಣ್ಣು ಹಾಕಿ ಎಂದೆ ನಾನು. ಮಳೆಯಾದರೆ ಆ ಕೆಸರಲ್ಲಿ ಹೂತು ಕಂಪನಿಯ ಫಿರಂಗಿ ಗಾಡಿ ಕದಲಬಾರದು. ಅಂದು ನೀವು ಹಿಗ್ಗಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನೇಕಾರರ ಮಗ ನೀವು, ಮಳೆಗಾಲದ ಹೊಲ ತುಳಿದವರಲ್ಲ. ಆ ನಿಯಮಕ್ಕೆ ಇನ್ನೊಂದು ತುಂಡಿತ್ತು. ಹೇಳಿದಾಗ ಹೂಂಗುಟ್ಟಿದಿರಿ, ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆ ನಿಂತ ಕೂಡಲೇ ಫಿರಂಗಿ ಓಡುತ್ತದೆಂದು ಅಚ್ಚು ಹಾಕಿಸಿಬಿಟ್ಟಿರಿ. ಒಮ್ಮೆ ನನಗೆ ತೋರಿಸಿದ್ದರೆ ಏನಾಗುತ್ತಿತ್ತು?

ನಮ್ಮ ಆಟದ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು, ಮುದ್ರಣಾಲಯದ ಮಾಲೀಕರಾದ ಚನ್ನಬಸವಣ್ಣನವರ ಹೆಸರು; ನನ್ನದಿಲ್ಲ. ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಪಡಸಾಲೆ ತುಂಬ ಮಂದಿ ಕೂತಿದ್ದಾಗ ಮಾಸ್ತರರು, ಈ ಮಣ್ಣಿನ ಉಪಾಯ ನಿಮ್ಮ ಮನೆಯವರದೇನು ಎಂದು ಕೇಳಿದರು. ನಾನು ಚಹದ ತಾಟು ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದೆ. ನೀವು ನಕ್ಕು, "ಆಕಿಗೇನ್ ತಿಳೀತೈತ್ರಿ, ಚಾ ಸೋಸೂದೊಂದ್ ಬಿಟ್ರ," ಎಂದಿರಿ.

ಗಂಡನ ಹೆಸರು ಹೇಳಬಾರದೆಂದು ಇಷ್ಟು ವರ್ಷ ನಿಮ್ಮ ಹೆಸರು ಬಾಯಿಗೆ ತಂದವಳಲ್ಲ ನಾನು. ನನ್ನ ಹೆಸರು ಹೇಳಲು ನಿಮಗೆ ಯಾವ ಪದ್ಧತಿ ಅಡ್ಡ ಬಂದಿತ್ತು? ಸಾಕಿದ ಎತ್ತೇ ಹಾಯ್ದಂತಾಯಿತು ನನಗೆ. ತಾಟು ಅಲ್ಲೇ ಇಟ್ಟು ಬಸ್ಸು ಹತ್ತಿದೆ. ಯಾಕೆ ಬಂದೆ ಎಂದು ಅವ್ವ ಇನ್ನೂ ಕೇಳುತ್ತಾಳೆ. ಒಂದು ಆಟಕ್ಕಾಗಿ ಯಾರಾದರೂ ಗಂಡನ ಮನೆ ಬಿಡುತ್ತಾರೆಯೇ ಎಂದಾಳೆಂದು ಸುಮ್ಮನಿದ್ದೇನೆ.

ನೀವು ಕೇಳಿದ ಆ ತುಂಡನ್ನು ಮಾತ್ರ ಬರೆಯುವುದಿಲ್ಲ.

ಇಂತಿ,
'ನಿಮ್ಮ' ಎಂದು ಬರೆಯಲು ಕೈ ಬಾರದ
ಉಡಚವ್ವ

ತಾ.ಕ.: ಸೋಮವಾರ ಚನ್ನಬಸವಣ್ಣನವರ ಜೀಪಿನಲ್ಲಿ ಕರೆಯಲು ಬರುತ್ತೇನೆಂದಿದ್ದೀರಿ. ನಾವೀಗ ಹೊಲದ ಮನೆಯಲ್ಲಿದ್ದೇವೆ, ದಾರಿಯೆಲ್ಲ ಎರೆಮಣ್ಣು. ಮಳೆ ನಿಂತು ಬಿಸಿಲು ಬಿದ್ದರೆ ದಾರಿ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ನಡುದಾರಿಯಲ್ಲಿ ಜೀಪು ಹೂತಾಗ ನಿಯಮದ ಉಳಿದ ತುಂಡು ತಾನೇ ತಿಳಿಯುತ್ತದೆ. ನನ್ನ ಹೆಸರು ಅಚ್ಚಾದ ಪೆಟ್ಟಿಗೆ ಕೈಯಲ್ಲಿದ್ದರೆ ಅಪ್ಪನ ಎತ್ತು ಕಳಿಸಿ ಎಳೆಸುತ್ತೇನೆ. ಇಲ್ಲದಿದ್ದರೆ ಜೀಪು ಅಲ್ಲೇ ಬಿಟ್ಟು ನಡೆದು ಮರಳಿ ಹೋಗಿ.