ಶಂಖಕ್ಕೆ ಬೆಚ್ಚದ ಕೂಸು

ಜೂನ್ 4
ಹಾಲು, ನಿದ್ದೆ, ಒದ್ದೆ ಬಟ್ಟೆ. ಮತ್ತೆ ಹಾಲು. ಎಚ್ಚರವೋ ಕನಸೋ ಗೊತ್ತಾಗುವುದಿಲ್ಲ, ನನಗೂ ನನ್ನ ಹಸುಗೂಸು ಫೆತೂಗೂ. ಅವಳ ನೆತ್ತಿಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ.

ಸಂಜೆ ಪ್ರಾರ್ಥನೆಗೆ ಶಂಖ ಊದಿದರು. ನಮ್ಮ ದ್ವೀಪದ ಮನೆಗಳಿಗೆ ಗೋಡೆಯಿಲ್ಲ, ಕಂಬಗಳಷ್ಟೇ — ಶಬ್ದ ನೇರ ಚಾಪೆಯ ಮೇಲೇ ಬಂದು ಬಿತ್ತು. ಕೋಳಿ ಹೆದರಿ ಹಾರಿತು. ಕೂಸಿನ ರೆಪ್ಪೆಯೂ ಅಲುಗಲಿಲ್ಲ.

ಜೂನ್ 5
ಇವತ್ತೂ ಅಷ್ಟೆ. ಎಲ್ಲರೂ ಸ್ತೋತ್ರ ಹಾಡುತ್ತಿದ್ದರು, ನಾನು ಕೂಸಿನ ರೆಪ್ಪೆಯನ್ನೇ ನೋಡುತ್ತಿದ್ದೆ. ನನ್ನ ಮಗುವಿಗೆ ಕಿವಿ ಕೇಳಿಸುವುದಿಲ್ಲವೇ?

ಆಮೇಲೆ ಬಗ್ಗಿ ಅವಳ ಹತ್ತಿರ ಪಿಸುಗುಟ್ಟಿದೆ. ಅತ್ತೆ ನೋಡಿಬಿಟ್ಟರು.

"ಏನೇ, ಹಸುಗೂಸಿನ ಹತ್ರ ಯಾರಾದ್ರೂ ಮಾತಾಡ್ತಾರಾ? ಮಾತಾಡ್ಸಿದ್ರೆ ತಿರುಗಿ ಉತ್ತರ ಬರ್ಬೇಕು. ಅಷ್ಟು ಚಟ ಇದ್ರೆ ಕಂಬದ ಹತ್ರ ಮಾತಾಡ್ಕೋ!"

ಈ ಊರಲ್ಲಿ ಎಲ್ಲರೂ ಹಾಗೇ. ಕೂಸನ್ನು ಎತ್ತುತ್ತಾರೆ, ಉಜ್ಜುತ್ತಾರೆ, ಮುದ್ದಿಸುತ್ತಾರೆ, ಮಾತಾಡಿಸುವುದಿಲ್ಲ. ನನ್ನ ಭಯ ಅತ್ತೆಗೆ ಹೇಳಲಿಲ್ಲ.

ಜೂನ್ 9
ನಮ್ಮ ನರ್ಸ್, ಮೆಲೆ, ಬಂದಿದ್ದಳು. ಗುಟ್ಟಾಗಿ ಕೇಳಿದೆ. ನಕ್ಕಳು.

"ಹೊಟ್ಟೇಲಿದ್ದಾಗ ದಿನಾ ಸಂಜೆ ಇದೇ ಶಂಖ ತಾನೆ? ಅಭ್ಯಾಸ ಆಗಿರ್ಬಹುದು ಕಣೇ. ಬೆಚ್ಚೋದನ್ನ ನೋಡ್ಬೇಡ. ಗೊತ್ತಿರೋ ದನಿ ತಟ್ಟನೆ ಕಿವಿಗೆ ಬಿದ್ರೆ ಕೂಸು ಹಾಲು ಚೀಪೋದು ನಿಲ್ಸುತ್ತೆ. ಅದನ್ನ ನೋಡು."

ಆಗಿರ್ಬಹುದು ಅಂದಳು, ಆಗಿದೆ ಅನ್ನಲಿಲ್ಲ. ಕಿವಿ ನೋಡುವ ಮಷಿನ್ ರಾಜಧಾನಿ ಆಪಿಯಾದಿಂದ ಹಡಗಿನಲ್ಲಿ ಬರಬೇಕಂತೆ...

ಜೂನ್ 12
ಹಾಲು ಕೊಡುತ್ತಾ ಮಾತಾಡಿದೆ. ಹಾಡಿದೆ. ಚೀಪುತ್ತಲೇ ಇದ್ದಳು, ಕಣ್ಣು ಅರೆತೆರೆದು ಎಲ್ಲೋ ತೇಲುತ್ತಾ. ದೂರದಲ್ಲಿ ಕಡಲ ಮೊರೆತ. ಅದಾದರೂ ಕೇಳುತ್ತದಾ ಅವಳಿಗೆ?

ಜೂನ್ 13, ಮಧ್ಯಾಹ್ನ
ಹಾಲು ಕುಡಿಸುತ್ತಾ ಮಂಪರಿನಲ್ಲಿದ್ದೆ. ಹಿತ್ತಲಲ್ಲಿ ಹಂದಿ ಕೆಸುವಿನ ಗಡ್ಡೆಗೆ ಬಾಯಿ ಹಾಕಿತು. ಅತ್ತೆ ಗದರಿದರು: "ಹೋಗೇ ಹಾಳಾದ್ದೆ! ನಿನ್ನ ಹೊಟ್ಟೆಗೆ ತಳ ಇಲ್ವೇನೇ?"

ಚೀಪುವುದು ನಿಂತಿತು.

"ಅತ್ತೆ! ಇನ್ನೊಂದ್ಸಲ ಬೈರಿ!"

"ಯಾರಿಗೆ? ನಿಂಗಾ?"

"ಯಾರಿಗಾದ್ರೂ!"

ಬೈದರು. ಮತ್ತೆ ನಿಂತಿತು. ಪುಟ್ಟ ತಲೆ ಹಿತ್ತಲ ಕಡೆ ಹೊರಳಿತು. ನನ್ನ ದನಿ ಸದಾ ಇದ್ದದ್ದೇ, ಅದಕ್ಕೆ ಬೆಲೆಯಿಲ್ಲ! ಹೊಟ್ಟೆಯೊಳಗೆ ಕೂತು ಅಷ್ಟು ದಿನವೂ ಅಜ್ಜಿಯ ಬೈಗುಳ ಕೇಳಿಸಿಕೊಂಡಿದ್ದಾಳೆ, ಕಳ್ಳಿ. ಅಳು ಒತ್ತರಿಸಿ ಬಂತು. ಅತ್ತೆಗೆ ಎಲ್ಲ ಹೇಳಿಬಿಟ್ಟೆ.

ಅತ್ತೆ ಕೈ ಒರೆಸಿಕೊಂಡು ಬಂದು ಚಾಪೆಯ ಮೇಲೆ ಕೂತಿದ್ದಾರೆ. ಕೂಸು ತೋಳಲ್ಲಿದೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಅತ್ತೆ ದಾರಿಯಲ್ಲಿ ಯಾರಾದರೂ ಇದ್ದಾರಾ ಅಂತ ನೋಡಿದರು. ಕೂಸಿನ ಕಿವಿಯ ಹತ್ತಿರ ಬಗ್ಗಿದರು. ಬಾಯಿ ತೆರೆದರು. ಈ ಸಲ ಮಾತು ಹಂದಿಗಲ್ಲ—