ಇಲಿಮರಿಯ ಪಾಲು

ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಇಲಿಮರಿಗೆ,

ಇಷ್ಟು ದೊಡ್ಡವಳಾದರೂ ನೀನು ನನಗೆ ಇಲಿಮರಿಯೇ, ಮುಖ ಊದಿಸಿಕೊಳ್ಳಬೇಡ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಕೇಕಿನ ಒಂದು ಕಪ್ ಬಾದಾಮಿ ಅಂದರೆ ಎಷ್ಟು ಗ್ರಾಂ ಎಂದು ನೀನು ಕೇಳಿದ್ದೆ. ಗೋಪುರ ಕಟ್ಟುವಷ್ಟು ತುಂಬು ಎಂದು ನಾನು ಹೇಳಿದೆ, ನೀನು ಹಾಗೇ ಮಾಡಿದೆ, ಕೇಕು ಚಾಕು ತಾಗಿದರೆ ಸಾಕು ಪುಡಿಪುಡಿಯಾಗುತ್ತಿದೆ ಎಂದು ಅಳುಮೋರೆ ಹಾಕಿದೆ. ಮುಂದಿನ ವಾರ ನೀನು ಅಪ್ಪನ ಬೇಕರಿಯ ಬಾಗಿಲು ಮತ್ತೆ ತೆರೆಯುತ್ತಿರುವಾಗ ಅಪ್ಪನ ಕೇಕೇ ಸರಿಬರದಿದ್ದರೆ ಹೇಗೆ ಎಂಬ ನಿನ್ನ ದಿಗಿಲು ನನಗೆ ಅರ್ಥವಾಗುತ್ತದೆ.

ಅಪ್ಪನ ಹಿಡಿ ಮುರಿದ ಪಿಂಗಾಣಿ ಕಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಳಮನೆಯ ಅಕ್ಕಸಾಲಿಗನ ಹತ್ತಿರ ಹೋದೆ. ಅವನು ಬಂಗಾರ ತೂಗುವ ತಕ್ಕಡಿಯನ್ನು ಒರೆಸಿ, ಬಾದಾಮಿ ಸರ ಯಾರ ಮದುವೆಗಮ್ಮಾ ಅಂತ ಕೇಳಿದ. ನಿನ್ನ ಎರಡನೇ ಮದುವೆಗೆ ಕಣಪ್ಪಾ ಅಂದೆ. ಅವನ ಹೆಂಡತಿ ಒಳಗಿನಿಂದ ಬಿದ್ದು ಬಿದ್ದು ನಕ್ಕಳು.

ಬರೆದುಕೋ. ಇಡೀ ಬಾದಾಮಿ ಗೋಪುರ ಕಟ್ಟಿದರೆ ನೂರಾ ತೊಂಬತ್ತು ಗ್ರಾಂ. ಅಂಚಿನ ಮಟ್ಟಕ್ಕೆ ಸವರಿದರೆ ನೂರೈವತ್ತು. ಪುಡಿ ಮಾಡಿ ತುಂಬಿದರೆ ಅದೇ ಕಪ್ಪಿನಲ್ಲಿ ನೂರರ ಆಸುಪಾಸು ಮಾತ್ರ. ಅಪ್ಪ ಅಳೆಯುತ್ತಿದ್ದದ್ದು ಇಡೀ ಬಾದಾಮಿಯನ್ನೇ, ಕುಟ್ಟುತ್ತಿದ್ದದ್ದು ಆಮೇಲೆ.

ಹಾಗಾದರೆ ನೂರಾ ತೊಂಬತ್ತೇ ಅಲ್ಲವೇ ಅನ್ನುತ್ತೀಯ. ನಾನೂ ಹಾಗೇ ಅಂದುಕೊಂಡು ಮೆಟ್ಟಿಲು ಹತ್ತಿದೆ. ಕಪ್ಪನ್ನು ಅಡುಗೆಮನೆ ಮೇಜಿನ ಮೂಲೆಯಲ್ಲಿಟ್ಟು ತಿರುಗಿದೆ ನೋಡು, ಆಗ ಎಲ್ಲ ಕಣ್ಣಮುಂದೆ ಬಂತು.

ಅಪ್ಪ ಗೋಪುರ ಕಟ್ಟಿದ ಕಪ್ಪನ್ನು ಬೇಕರಿಯ ಮೇಜಿನ ಮೂಲೆಯಲ್ಲೇ ಇಡುತ್ತಿದ್ದರು, ನಿನ್ನ ಪುಟ್ಟ ಕೈಗೆ ಎಟುಕುವ ಹಾಗೆ. ಆಮೇಲೆ ಒಲೆಯ ಕಡೆ ತಿರುಗಿ, ಚೆನ್ನಾಗಿಯೇ ಉರಿಯುತ್ತಿದ್ದ ಬೆಂಕಿಯನ್ನು ಸುಮ್ಮನೆ ಕೆದಕುತ್ತಾ ನಿಲ್ಲುತ್ತಿದ್ದರು. ಇತ್ತ ತಿರುಗುವಷ್ಟರಲ್ಲಿ ಗೋಪುರ ಮಾಯ. ನೀನು ಕೆನ್ನೆ ಉಬ್ಬಿಸಿಕೊಂಡು ಏನೂ ಅರಿಯದವಳ ಹಾಗೆ ಸೂರು ನೋಡುತ್ತಿದ್ದೆ. ಬಾದಾಮಿಗೆ ಬೆಂಕಿಯಂಥ ಬೆಲೆ, ಮಗಳನ್ನ ಹಾಳು ಮಾಡ್ತಿದ್ದೀರಿ ಅಂತ ನಾನು ರೇಗಿದರೆ, ಇಲಿಮರಿ ಪಾಲು ಸೇರಿಸೇ ಅಳೆದಿದ್ದೀನಿ ಸುಮ್ನಿರೇ ಅನ್ನುತ್ತಿದ್ದರು.

ಕೇಕಿಗೆ ಬೀಳುತ್ತಿದ್ದದ್ದು ನೂರೈವತ್ತೇ ಕಣೇ. ಮಿಕ್ಕದ್ದು ನಿನ್ನ ಹೊಟ್ಟೆಗೆ.

ನೀನು ಹಾಸ್ಟೆಲಿಗೆ ಹೋದ ಮೇಲೂ ಅವರು ಗೋಪುರ ಕಟ್ಟುವುದನ್ನು ಬಿಡಲಿಲ್ಲ. ಮೂಲೆಯಲ್ಲಿಡುತ್ತಿದ್ದರು, ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ತಿರುಗಿ ನೋಡಿದರೆ ಗೋಪುರ ಹಾಗೇ ಇರುತ್ತಿತ್ತು. ಮೇಲಿನದನ್ನು ಅಂಗೈಯಿಂದ ಸವರಿ ಡಬ್ಬಿಗೆ ಹಾಕುತ್ತಿದ್ದರು. ನೋಡಿಯೂ ನೋಡದವಳ ಹಾಗೆ ನಾನು ಟ್ರೇಗೆ ಬೆಣ್ಣೆ ಸವರುತ್ತಿದ್ದೆ.

ಬಾಗಿಲು ತೆರೆಯುವ ದಿನ ಬರಲಾಗದು, ಮಂಡಿನೋವು ಅಂದಿದ್ದೆನಲ್ಲ. ಮಂಡಿ ಗಟ್ಟಿಯಾಗಿಯೇ ಇದೆ. ಅವರು ಹೋದ ಮೇಲೆ ನಾನು ಅಲ್ಲಿ ಕಾಲಿಟ್ಟಿಲ್ಲ. ಆ ಒಲೆಯ ಮುಂದೆ ಇನ್ನೊಬ್ಬರ ಬೆನ್ನು ನೋಡುವ ಧೈರ್ಯ ನನಗಿಲ್ಲ, ಅದು ನಿನ್ನದೇ ಆದರೂ. ಬೇಜಾರು ಮಾಡಿಕೊಳ್ಳಬೇಡ. ಕಪ್ಪನ್ನು ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಕಪ್ಪನ್ನು ಎರಡು ಸಲ ಸುತ್ತಿ, ಎರಡು ಸಲ ಬಿಚ್ಚಿದೆ. ಅಂಚೆಯಲ್ಲಿ ಒಡೆದೇ ಹೋಗುತ್ತದೆ, ನಾನೇ ತರುತ್ತೇನೆ. ಬಾಗಿಲು ತೆರೆಯುವ ದಿನ ಗೋಪುರ ಕಟ್ಟಿಯೇ ಅಳೆ, ಮೇಜಿನ ಮೂಲೆಯಲ್ಲಿಟ್ಟು ಒಲೆಯ ಕಡೆ ತಿರುಗಿ ನಿಲ್ಲು. ನಾನು ಕರೆಯುವವರೆಗೆ ಹಿಂತಿರುಗಿ ನೋಡಬೇಡ.