ಬಾಗಿಲು ಎತ್ತಿ ಮುಚ್ಚುವ ಕಾರು

ಹಲ್ಲಿನ ಡಾಕ್ಟರಿಗೆ ನಮಸ್ಕಾರ.

ಹೋದ ವರ್ಷ ನಿಮ್ಮ ಹಳದಿ ವಿದೇಶಿ ಸ್ಪೋರ್ಟ್ಸ್ ಕಾರನ್ನು ಕೊಳ್ಳಲು ಭಾವನ ಜೊತೆ ಬಂದಿದ್ದವನು ನಾನು. ಅಂದು ನೀವು ಅದರ ಕುಂದುಗಳನ್ನೆಲ್ಲ ನೀವಾಗಿಯೇ ತೋರಿಸಿದಿರಿ: ಬಂಪರಿಗೆ ಮತ್ತೆ ಬಣ್ಣ ಹೊಡೆಸಿದ್ದು, ಎಣ್ಣೆ ಜಿನುಗುವ ಜಾಗ, ತುಸು ಎತ್ತಿಯೇ ಮುಚ್ಚಬೇಕಾದ ಎಡಬಾಗಿಲು.

"ಮಂಡಿ ನೋವು, ಕ್ಲಚ್ ಒತ್ತೋಕಾಗಲ್ಲ. ಅದಕ್ಕೇ ಮಾರ್ತಿದ್ದೀನಿ. ನೀವು ಓಡ್ಸಿ, ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದು ಕೀಲಿ ಚಾಚಿದಿರಿ.

ಭಾವ ನನ್ನ ತೋಳು ಹಿಡಿದು ಗೇಟಿನಾಚೆ ಎಳೆದುಕೊಂಡು ಹೋದರು. "ಬಾಯಿಬಿಟ್ಟು ಇಷ್ಟು ಹೇಳ್ತಾರೆ ಅಂದ್ರೆ, ಮುಚ್ಚಿಟ್ಟಿರೋದು ಇನ್ನೆಷ್ಟಿದೆಯೋ!" ಎಂದರು. ನಾನೂ ಹೌದೆಂದು ತಲೆಯಾಡಿಸಿ ಅವರ ಜೊತೆ ಹೊರಟುಬಿಟ್ಟೆ.

ಆಮೇಲೆ ನೋಡಿದ ಕಾರುಗಳಿಗೆ, ಮಾರುವವರ ಪ್ರಕಾರ, ಕುಂದೇ ಇರಲಿಲ್ಲ. "ಒಂದು ಗೀರೂ ಇಲ್ಲ ಸಾರ್" ಎಂದವನ ಕಾರಿನ ಸೀಟಿನಡಿ ನೆರೆನೀರಿನ ಕೆಸರು ಒಣಗಿತ್ತು. ಇನ್ನೊಬ್ಬ ನಾವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಮಾಡಿ ಇಟ್ಟಿದ್ದ. ತಣ್ಣಗಿದ್ದಾಗ ಅದು ಉಗುಳುವ ಹೊಗೆಯ ಸುದ್ದಿಯನ್ನು ಪಕ್ಕದ ಮನೆಯಾಕೆ ಹೇಳಿದರು. ಮತ್ತೊಂದು ಕಾರು ಫೋಟೋದಲ್ಲಿ ಮಾತ್ರ ಇತ್ತು. ಕಾರು ಹುಡುಕಿ ಹುಡುಕಿ ಚಪ್ಪಲಿ ಸವೆದದ್ದೇ ಬಂತು.

ನಿಮ್ಮ ಜಾಹೀರಾತು ಈಗ ಕಾಣುತ್ತಿಲ್ಲ. ಮಾರಿದ್ದರೆ, ಕೊಂಡವರಿಗೆ ಬಾಗಿಲಿನ ವಿಷಯ ಇನ್ನೊಮ್ಮೆ ಹೇಳಿಬಿಡಿ. ಎಲ್ಲರೂ ಪೂರ್ತಿ ಕೇಳಿಸಿಕೊಂಡು ಹೋಗುವುದಿಲ್ಲ.

ಅಪ್ಪಿತಪ್ಪಿ ಇನ್ನೂ ನಿಮ್ಮ ಶೆಡ್ಡಿನಲ್ಲೇ ಇದ್ದರೆ ಎರಡು ಸಾಲು ಬರೆಯಿರಿ. ಈ ಸಲ ಭಾವನನ್ನು ಕರೆತರುವುದಿಲ್ಲ. ಅದರಲ್ಲಿರುವುದು ಎರಡೇ ಸೀಟು, ಒಂದು ನಿಮ್ಮದು.

ಇಂತಿ,
ಅಂದು ಕೀಲಿ ಮುಟ್ಟದೆ ಹೋದವನು